ಅಮೃತಮಹಲ್ ತಳಿಯೂ ಹಾಲಿನ ಲೆಕ್ಕವೂ : ಒಂದು ವಿಮರ್ಶೆ

ಮೈಸೂರು ಸೀಮೆಯ ಅಮೃತಮಹಲ್ ದನಗಳನ್ನು ಕುರಿತ ಬರಹಗಳಲ್ಲಿ ಎರಡು ಮಾತುಗಳು ಮೇಲಿಂದ ಮೇಲೆ ಕಾಣಬರುತ್ತವೆ. ಈ ತಳಿಯ ಎತ್ತು ವೇಗದಲ್ಲಿಯೂ ತಾಳಿಕೆಯಲ್ಲಿಯೂ ಅಸಮಾನವಾದುದು ಎಂಬುದು ಒಂದು. ಹಸು ಹುಟ್ಟಿನಿಂದಲೇ ಹಾಲಿಗೆ ಬಡವಾದುದು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ನಮಗೆ ವಿವಾದವಿಲ್ಲ. ಎರಡನೆಯದರಲ್ಲಿ ‘ಹುಟ್ಟಿನಿಂದಲೇ’ ಎಂಬ ಪದವನ್ನು ಪರೀಕ್ಷಿಸದೆ ಒಪ್ಪಲಾಗದು. ತರಗತಿಯಲ್ಲಿ ನಾವೂ ಆ ಪದವನ್ನು ಬಹುಕಾಲ ಬಳಸಿದವರೇ. ಆದುದರಿಂದ ಈ ವಿಮರ್ಶೆ ನಮಗೂ ಸಲ್ಲತಕ್ಕದ್ದು.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಹಿಂಡನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯ ಹೆಸರು ‘ಬೆಣ್ಣೆ ಚಾವಡಿ’. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಕಾರ್ಯ. ಹೈದರ್ ಅಲಿ, ಟಿಪ್ಪು ಸುಲ್ತಾನರ ಕಾಲಕ್ಕೆ ಅದು ಫಿರಂಗಿಗಳನ್ನೂ ದಂಡಿನ ಸಾಮಾನುಗಳನ್ನೂ ಎಳೆಯುವ ಎತ್ತುಗಳ ತವರಾಯಿತು. ‘ಅಮೃತಮಹಲ್’ ಎಂಬುದು ಟಿಪ್ಪು ಇಟ್ಟ ಹೆಸರು. ೧೭೯೯ರ ಬಳಿಕ ಬ್ರಿಟಿಷರಿಗೂ ಬೇಕಾದುದು ಎತ್ತುಗಳೇ. ೧೮೬೦ರಲ್ಲಿ ಮಿತವ್ಯಯದ ನೆಪದಿಂದ ಹಿಂಡನ್ನು ಮಾರಿ, ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದುದೂ ಎತ್ತುಗಳಿಗಾಗಿಯೇ. ಹೆಸರು ಹಾಲಿನದಾಗಿ ಉಳಿಯಿತು. ಆಯ್ಕೆ ಮಾತ್ರ ನೊಗದ ದೃಷ್ಟಿಯಿಂದ ನಡೆಯಿತು. ಹಸುಗಳು ಕಾವಲುಗಳಲ್ಲಿ ಮೇಯುತ್ತಿದ್ದುವು. ಅವುಗಳ ಹಾಲು ಕರುವಿನ ಪಾಲಾಗಿತ್ತು.

ತಳಿವಿಜ್ಞಾನವು ಈ ವಿಷಯದಲ್ಲಿ ಏನನ್ನು ಹೇಳುತ್ತದೆ? ಹಸ್ತಪ್ರತಿಗಳಲ್ಲಿ ಪಾಠಾಂತರಗಳಿರುವಂತೆ ಜೀನುಗಳಲ್ಲಿಯೂ ರೂಪಭೇದಗಳುಂಟು. ಕೆಚ್ಚಲಿನಲ್ಲಿ ಕೊಬ್ಬನ್ನು ನಿರ್ಮಿಸುವ ಕಿಣ್ವವೊಂದರ ಜೀನು ಡಿಜಿಎಟಿ-೧. ಇದರ ಒಂದು ರೂಪದಿಂದ ಹಾಲಿನ ಪ್ರಮಾಣ ತಗ್ಗಿ ಕೊಬ್ಬಿನ ಅಂಶ ಏರುವುದೆಂದೂ, ಇನ್ನೊಂದರಿಂದ ಹಾಲು ಹೆಚ್ಚಿ ಕೊಬ್ಬು ಇಳಿಯುವುದೆಂದೂ ೨೦೦೨ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದುವು. ಪರೀಕ್ಷೆಗೆ ಒಳಪಟ್ಟ ಭಾರತೀಯ ತಳಿಗಳಲ್ಲಿ ಬಹುಮಟ್ಟಿಗೆ ಮೊದಲನೆಯ ರೂಪವೇ ಕಂಡುಬಂದಿದೆ. ಹಾಗಾದರೆ ಲೀಟರಿನಿಂದ ಅಳೆದಾಗ ಬಡವಾದ ಹಸು ಬೆಣ್ಣೆಯಿಂದ ಅಳೆದಾಗ ಅಷ್ಟೇ ಬಡವಾಗಿರಬೇಕೆಂದಿಲ್ಲ.

ಆದರೆ ಹಾಲಿನ ಇಳುವರಿ ಒಂದೇ ಜೀನಿನ ಕಾರ್ಯವಲ್ಲ. ಅಲ್ಪ ಪರಿಣಾಮವುಳ್ಳ ಅಸಂಖ್ಯ ಜೀನುಗಳು ಅದರಲ್ಲಿ ಸೇರಿವೆ. ಒಂದೇ ಹಿಂಡಿನೊಳಗೆ ಹಸುವಿನಿಂದ ಹಸುವಿಗೆ ಕಾಣುವ ಭೇದದಲ್ಲಿ ಸಾಮಾನ್ಯವಾಗಿ ನೂರಕ್ಕೆ ೨೫ರಿಂದ ೩೫ರಷ್ಟು ಮಾತ್ರ ಅನುವಂಶದಿಂದ ಬಂದುದು. ಉಳಿದುದು ಮೇವು, ಹವೆ, ರೋಗ, ಪಾಲನೆಗಳಿಗೆ ಸೇರಿದುದು. ಈ ಅಂಕಿಯೂ ಹಿಂಡಿನ ಒಳಗಿನ ಭೇದಕ್ಕೆ ಸಲ್ಲುವುದೇ ಹೊರತು ಎರಡು ತಳಿಗಳ ಅಂತರಕ್ಕೆ ಸಲ್ಲದು. ಕಾವಲಿನ ಹಸುವನ್ನು ಕೊಟ್ಟಿಗೆಯಲ್ಲಿ ಹಿಂಡಿ ತಿಂದ ವಿದೇಶೀ ಹಸುವಿನೊಡನೆ ಹೋಲಿಸಿ, ಅಂತರವನ್ನೆಲ್ಲ ಹುಟ್ಟಿಗೆ ಆರೋಪಿಸುವುದು ತರ್ಕದೋಷ.

ಅಂತರವೆಲ್ಲ ಮೇವಿನದೇ ಎನ್ನುವುದೂ ಅಷ್ಟೇ ದೋಷಯುಕ್ತ. ಗುಜರಾತಿನ ಗೀರ್ ತಳಿ ಬ್ರೆಜಿಲಿಗೆ ಹೋಯಿತು. ಹೋರಿಗಳ ಯೋಗ್ಯತೆಯನ್ನು ಅವುಗಳ ಹೆಣ್ಣುಸಂತತಿಯ ಹಾಲಿನಿಂದ ನಿರ್ಣಯಿಸುವ ಕ್ರಮ ಅಲ್ಲಿ ೧೯೮೫ರಲ್ಲಿ ಆರಂಭವಾಗಿ ಇಳುವರಿ ಏರಿತು. ಗೀರ್ ಮೊದಲೇ ಹಾಲಿಗೆ ಹೆಸರಾದುದರಿಂದ ಈ ಹೋಲಿಕೆಗೆ ಮಿತಿಯುಂಟು. ಆದರೂ ಆಯ್ಕೆಯ ಗುರಿಯನ್ನು ಅನುಸರಿಸಿ ತಳಿ ರೂಪುಗೊಳ್ಳುವುದೆಂಬ ಅಂಶ ಇದರಿಂದ ಸ್ಪಷ್ಟವಾಗುತ್ತದೆ.

ಆದಕಾರಣ ಹಾಲಿನ ಲೆಕ್ಕವನ್ನು ಚರಿತ್ರೆಯ ವಿದ್ಯಾರ್ಥಿಯು ದಾಖಲೆಯೆಂದೇ ಓದತಕ್ಕದ್ದು : ಅಳೆದವರು ಯಾರು, ಯಾವ ಮೇವಿನಲ್ಲಿ, ಯಾವ ಉದ್ದೇಶದಿಂದ? ಹೀಗೆ ಓದದೆ ಆ ಲೆಕ್ಕವೊಂದರಿಂದಲೇ ತಳಿಯ ಬೆಲೆ ಕಟ್ಟಿದರೆ, ಶತಮಾನಗಳ ಆಯ್ಕೆಯಿಂದ ನೆಲೆಗೊಂಡ ಗುಣಗಳು ಹಿಂಡಿನೊಡನೆಯೇ ಅಳಿದಾವು. ೧೮೬೦ರಲ್ಲಿ ಮಾರಿದ ಹಿಂಡನ್ನು ಮತ್ತೆ ಕಟ್ಟಲು ಊರೂರುಗಳಲ್ಲಿ ದನಗಳಿದ್ದುವು. ಇಂದು ತಳಿಯೇ ನಶಿಸಿದರೆ ಕಟ್ಟಲು ಏನೂ ಉಳಿಯದು.