ಕೊಡಗಿನ ಭೂಕುಸಿತ: ದತ್ತಾಂಶ ದರ್ಶನದ ಎರಡು ಮಾರ್ಗಗಳು

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದಕ್ಕೆ ಅತಿವೃಷ್ಟಿಯೊಡನೆ, ರಸ್ತೆ, ಮನೆಗಳಿಗಾಗಿ ಇಳಿಜಾರನ್ನು ಕಡಿದುದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಗುರುತಿಸಿತು. ಇಂತಹ ದತ್ತಾಂಶದ ವಿಶ್ಲೇಷಣೆಗೆ ವರ್ಚುವಲ್ ರಿಯಾಲಿಟಿ, ಆಗ್ಮೆಂಟೆಡ್ ರಿಯಾಲಿಟಿಗಳ ಪೈಕಿ ಯಾವುದು ತಕ್ಕುದೆಂಬುದು ವಿಚಾರಾರ್ಹ. ಮೊದಲನೆಯದು ಸುತ್ತಣ ಲೋಕವನ್ನು ಮರೆಮಾಡಿ, ಮಳೆ, ಇಳಿಜಾರು, ಕುಸಿತಗಳ ಅಂಕಿಗಳನ್ನು ಇಡೀ ಜಿಲ್ಲೆಯ ಮಾದರಿಯ ಮೇಲೆ ಒಟ್ಟಿಗೆ ತೋರಿಸಬಲ್ಲದು. ಆದರೆ ಮಾದರಿಗೆ ಸೇರದುದು ಅಲ್ಲಿ ಕಾಣದು. ಎರಡನೆಯದು ಮಕ್ಕಂದೂರಿನಂತಹ ಹಾನಿಗೊಂಡ ಊರಿನಲ್ಲಿ ನಿಂತವನ ಕಣ್ಣೆದುರಿನ ನೆಲದ ಮೇಲೆಯೇ ಅಂಕಿಗಳನ್ನು ಮೂಡಿಸುತ್ತದೆ. ನಕ್ಷೆಗೇರದ ಹೊಸ ಅಗೆತ, ಮುಚ್ಚಿಹೋದ ತೋಡು ಅಂಕಿಗಳ ಪಕ್ಕದಲ್ಲೇ ಗೋಚರಿಸುತ್ತವೆ. ಮಂಜು, ಮಳೆಯಲ್ಲಿ ಆ ಚಿತ್ರವು ನೆಲದಿಂದ ಸರಿದುಹೋಗಬಹುದೆಂಬುದು ಅದರ ಮಿತಿ. ಆದುದರಿಂದ ಊಹೆಗೆ ಮೊದಲನೆಯದು, ಪರೀಕ್ಷೆಗೆ ಎರಡನೆಯದು ಎಂಬ ಕ್ರಮವೇ ಯುಕ್ತ. ಜನವಸತಿಯನ್ನು ತೆರವುಗೊಳಿಸುವ ತೀರ್ಮಾನವು ಮಾದರಿಯೊಂದನ್ನೇ ನೆಚ್ಚಕೂಡದು.