ಸೋತವರ ಓಣಿ ಮತ್ತು ಮೂರನೆಯ ಮೆಟ್ಟಿಲು: ಗ್ರೀಕ್ ಕ್ರೀಡಾಕೂಟ, ಇಂದಿನ ಒಲಿಂಪಿಕ್ಸ್ ಮತ್ತು ನಮ್ಮ ಕುಸ್ತಿ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ)

ಮಿರಜಿನಿಂದ ಮಾತಾಡ್ತಿದ್ದೇನೆ. ಸಾಂಗ್ಲಿ–ಮಿರಜ್ ಭಾಗದಲ್ಲಿ ಕ್ರೀಡೆಯ ವಿಷಯ ಎತ್ತಿದರೆ ಅದು ಕುಸ್ತಿಗೇ ಬಂದು ನಿಲ್ಲುತ್ತೆ. ಹಾಗಾಗಿ ಗ್ರೀಕರನ್ನೂ ಇಂದಿನ ಒಲಿಂಪಿಕ್ಸನ್ನೂ ಕುಸ್ತಿಯ ಕಣದಿಂದಲೇ ನೋಡ್ತೇನೆ.

ಈ ಎರಡನ್ನು ಹೋಲಿಸುವ ಬರಹಗಳಲ್ಲಿ ಒಂದು ಸಿದ್ಧ ಮಾದರಿ ಇದೆ. ಅಂದು ಆಟ ದೇವರ ಸೇವೆ, ಇಂದು ವ್ಯಾಪಾರ. ಅಂದು ಆಲಿವ್ ಎಲೆಯ ಕಿರೀಟ, ಇಂದು ಕೋಟಿ ರೂಪಾಯಿ. ಒಲಿಂಪಿಯಾದ ಕೂಟ ಜ್ಯೂಸ್ ದೇವರ ಉತ್ಸವವಾಗಿತ್ತು ಅನ್ನೋದು ನಿಜ. ಆದರೆ ಕಿರೀಟ ತೊಟ್ಟು ಊರಿಗೆ ಬಂದವನಿಗೆ ಊರು ಹಣ ಕೊಡ್ತಿತ್ತು. ಒಲಿಂಪಿಯಾದಲ್ಲಿ ಗೆದ್ದ ಅಥೆನ್ಸಿನವನಿಗೆ ಸೋಲನ್ನನ ಕಾನೂನಿನಂತೆ 500 ದ್ರಾಖ್ಮೆ ಸಿಗ್ತಿತ್ತು. ಗೆದ್ದವರ ಮೇಲೆ ಹಾಡು ಕಟ್ಟಿದ ಪಿಂಡಾರನೂ ಶ್ರೀಮಂತ ಪೋಷಕರಿಗಾಗಿ ಬರೆದವನೇ. ಗೆದ್ದವನನ್ನು ಪುರಾಣದ ವೀರನ ಪಕ್ಕ ನಿಲ್ಲಿಸೋದು ಅವನ ರೀತಿ. ಅರಿಕೇಸರಿಯನ್ನು ಅರ್ಜುನನೊಂದಿಗೆ ಬೆಸೆದ ಪಂಪನನ್ನೂ, ಸತ್ಯಾಶ್ರಯನನ್ನು ಭೀಮನೊಂದಿಗೆ ಬೆಸೆದ ರನ್ನನನ್ನೂ ಓದಿದ ನಮಗೆ ಇದು ಹೊಸದೇನಲ್ಲ. ಹಣ ಎರಡೂ ಕಾಲದಲ್ಲಿತ್ತು. ನಿಜವಾದ ವ್ಯತ್ಯಾಸ ಇರೋದು ಸೋತವನಿಗೆ ಏನು ಸಿಗುತ್ತಿತ್ತು ಅನ್ನೋದರಲ್ಲಿ. ಇದೇ ನನ್ನ ವಾದ.

ಗ್ರೀಕ್ ಪರಂಪರೆಯ ಲೆಕ್ಕದಂತೆ ಒಲಿಂಪಿಯಾದ ಕೂಟ ಕ್ರಿ.ಪೂ. 776ರಲ್ಲಿ ಶುರುವಾಯಿತು, ಕುಸ್ತಿ ಸೇರಿದ್ದು 708ರಲ್ಲಿ. ಎದುರಾಳಿಯನ್ನು ಮೂರು ಸಲ ಕೆಡವಿದವನು ಗೆದ್ದ. ಗಡಿಯಾರ ಇಲ್ಲ, ತೂಕದ ವರ್ಗವೂ ಇಲ್ಲ. ಹುಡುಗರು, ಗಂಡಸರು ಅನ್ನೋ ವಿಭಾಗ ಮಾತ್ರ. ಕ್ರೋಟನ್ನಿನ ಮೈಲೋ ಆರು ಸಲ ಗೆದ್ದ ಅಂತ ಇವತ್ತಿಗೂ ಹೇಳ್ತೇವೆ. ಅವನ ಕೈಲಿ ಸೋತು ಎರಡನೆಯವರಾದವರು ಯಾರು? ಎರಡನೆಯ ಸ್ಥಾನಕ್ಕೆ ಅಲ್ಲಿ ಕಿರೀಟವೇ ಇರಲಿಲ್ಲ. ಡೆಲ್ಫಿಯ ಕೂಟದಲ್ಲಿ ಗೆದ್ದ ಅರಿಸ್ಟೊಮೆನಿಸ್ ಎಂಬ ಕುಸ್ತಿಪಟುವಿನ ಮೇಲೆ ಪಿಂಡಾರ ಬರೆದ ಹಾಡಿನಲ್ಲಿ ಸೋತ ಹುಡುಗರ ಮಾತು ಬರುತ್ತೆ. ಅವರು ತಾಯಂದಿರ ಹತ್ತಿರ ಮರಳಿದಾಗ ಸುತ್ತ ನಗು ಹುಟ್ಟೋದಿಲ್ಲ. ಎದುರಾಳಿಗಳ ಕಣ್ಣು ತಪ್ಪಿಸಿ ಓಣಿ ಹಿಡಿದು ಹೋಗ್ತಾರೆ. ಗೆಲುವಿನ ಹಾಡಿನಲ್ಲಿ ಸೋತವನಿಗೆ ಸಿಕ್ಕ ಜಾಗ ಅಷ್ಟೇ.

ಈಗ ನಮ್ಮ ಕೃಷ್ಣಾ ತೀರಕ್ಕೆ ಬರೋಣ. ಸಾಂಗ್ಲಿಗಿಂತ ಮೇಲ್ಗಡೆ, ಕರಾಡದ ಹತ್ತಿರ ಗೋಳೇಶ್ವರ ಅಂತ ಊರು. ಅಲ್ಲಿಯ ಖಾಶಾಬಾ ಜಾಧವ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 57 ಕಿಲೋ ವರ್ಗದಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಚಿನ್ನ ಗೆದ್ದ ಜಪಾನಿನ ಇಶಿಯವರಿಗೂ, ಬೆಳ್ಳಿ ಗೆದ್ದ ಸೋವಿಯತ್ ಪಟುವಿಗೂ ಅವರು ಸೋತಿದ್ದರು. ಆದರೂ ಊರಿಗೆ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ! ಒಲಿಂಪಿಯಾದ ನಿಯಮದಲ್ಲಿ ನೋಡಿದರೆ ಇವರು ಓಣಿ ಹಿಡಿದು ಹೋಗಬೇಕಾದವರು. ತೂಕದ ವರ್ಗ ಇಲ್ಲದಿದ್ದರೆ 57 ಕಿಲೋದ ಮನುಷ್ಯ ಮೈಲೋನಂಥವರ ಮುಂದೆ ನಿಲ್ಲಬೇಕಾಗ್ತಿತ್ತು. ಒಲಿಂಪಿಕ್ಸ್ ಕುಸ್ತಿಯಲ್ಲಿ ತೂಕದ ವರ್ಗಗಳು ಬಂದಿದ್ದು 1904ರಲ್ಲಿ. ಚಿನ್ನ–ಬೆಳ್ಳಿ–ಕಂಚು ಕೊಡೋದು ಶುರುವಾಗಿದ್ದೂ ಅದೇ ವರ್ಷ. ಆಧುನಿಕರು ಕೆಡಿಸಿದರು ಅಂತ ನಾವು ಬೈಯುವ ಈ ಎರಡು ಏರ್ಪಾಡುಗಳಿಂದಲೇ ಜಾಧವರ ಹೆಸರು ನಮಗೆ ಉಳಿದಿದೆ.

ಸಾಂಗ್ಲಿ ಜಿಲ್ಲೆಯ ಕವಠೆ ಪಿರಾಣದ ಮಾರುತಿ ಮಾನೆ ಅವರದ್ದು ಇನ್ನೂ ಸೋಜಿಗ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಅವರಿಗೆ ಫ್ರೀಸ್ಟೈಲಿನಲ್ಲಿ ಚಿನ್ನ, ಗ್ರೀಕೊ–ರೋಮನ್ನಿನಲ್ಲಿ ಬೆಳ್ಳಿ. ಹೆಸರಿನಲ್ಲಿ ಗ್ರೀಕ್ ಇದ್ದರೂ ಆ ಶೈಲಿ 19ನೆಯ ಶತಮಾನದ ಯುರೋಪಿನದು. ಅದರಲ್ಲಿ ಬಂದ ಬೆಳ್ಳಿಯನ್ನು ಹಳೆಯ ಗ್ರೀಕರು ಗೆಲುವು ಅಂತಲೇ ಎಣಿಸ್ತಿರಲಿಲ್ಲ.

ವರ್ಗ ಮಾಡೋದು ಪಶ್ಚಿಮದಿಂದ ಬಂದದ್ದೇ ಅಂತಲೂ ತಿಳಿಯಬೇಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (12ನೆಯ ಶತಮಾನ) ಮಲ್ಲವಿನೋದದ ಭಾಗದಲ್ಲಿ ಮಲ್ಲರನ್ನು ಮೈಕಟ್ಟು, ಬಲ, ವಯಸ್ಸು ನೋಡಿ ವಿಂಗಡಿಸುತ್ತೆ. ಅವರ ಊಟದ ಲೆಕ್ಕವನ್ನೂ ಕೊಡುತ್ತೆ. ಇನ್ನೊಂದು ಕಡೆ ನಮ್ಮ ಜಾತ್ರೆಗಳ ಜಂಗಿ ನಿಕಾಲಿ ಕುಸ್ತಿ ಗ್ರೀಕರಿಗೆ ಹತ್ತಿರ: ಬೆನ್ನು ಮಣ್ಣಿಗೆ ತಾಗೋವರೆಗೂ ನಡೀಬೇಕು. ಆದರೂ ಇಬ್ಬರೂ ಬಿಟ್ಟುಕೊಡದಿದ್ದರೆ ಬರಾಬರಿ ಅಂತ ಬಿಡಿಸಿ ಇನಾಮು ಹಂಚೋದುಂಟು. ಹಂಗಾಗಿ ನಮ್ಮ ಕೆಂಪು ಮಣ್ಣಿನ ಕಣ ಒಲಿಂಪಿಯಾದಷ್ಟು ನಿಷ್ಠುರವಲ್ಲ.

ಗ್ರೀಕರು ಸೋತವನನ್ನು ಪೂರ್ತಿ ಮರೆತರೇ? ಇಲ್ಲ ಅಂತ ನನಗನಿಸುತ್ತೆ. ಕ್ರೀಡಾಂಗಣದಲ್ಲಿ ಕೊಡದ ಜಾಗವನ್ನು ರಂಗಭೂಮಿಯಲ್ಲಿ ಕೊಟ್ಟರು. ಅಕಿಲೀಸನ ಆಯುಧಗಳ ಸ್ಪರ್ಧೆಯಲ್ಲಿ ಸೋತ ಏಜಾಕ್ಸ್ ಸೊಫೊಕ್ಲಿಸನ ನಾಯಕ. ಅದನ್ನೇ ಆಧರಿಸಿ ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ಬರೆದರು. ರನ್ನನ ‘ಗದಾಯುದ್ಧ’ವನ್ನು ದುರಂತ ನಾಟಕವಾಗಿ ಕಂಡವರೂ ಅವರೇ. ಇದು ಕಾಕತಾಳೀಯವಲ್ಲ. ಮುಧೋಳದ ರನ್ನ ಗೆದ್ದ ಭೀಮನನ್ನು ಹೊಗಳಲು ಹೊರಟವನು, ಆದರೆ ಓದುಗರ ಮನಸ್ಸಿನಲ್ಲಿ ಉಳಿಯೋದು ತೊಡೆ ಮುರಿದು ಬಿದ್ದ ದುರ್ಯೋಧನ. ಪಿಂಡಾರ ಓಣಿಗೆ ಕಳಿಸಿದವನನ್ನು ರನ್ನ ಕಾವ್ಯದ ನಡುಮನೆಗೆ ಕರೆತಂದ. ಕ್ರೀಡೆಯ ಹೋಲಿಕೆಯಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಏನು ಕೆಲಸ ಅಂದರೆ, ಇದೇ ಕೆಲಸ.

ಹಾಗಂತ ಇಂದಿನ ಒಲಿಂಪಿಕ್ಸಿಗೆ ನಾನು ವಕೀಲಿ ಮಾಡ್ತಿಲ್ಲ. 2024ರ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಾಟ್ 50 ಕಿಲೋ ವರ್ಗದ ಫೈನಲ್ ತಲುಪಿದ್ದರು. ಮರುದಿನ ಬೆಳಿಗ್ಗೆ 100 ಗ್ರಾಂ ತೂಕ ಹೆಚ್ಚಾಗಿತ್ತು. ನಿಯಮದ ಪ್ರಕಾರ ಪದಕವಿಲ್ಲ, ಕೊನೆಯ ಸ್ಥಾನ. ಜಾಧವರಿಗೆ ಜಾಗ ಮಾಡಿದ ತಕ್ಕಡಿಯೇ ಇವರ ಜಾಗ ಕಿತ್ತುಕೊಂಡಿತು. ಆದರೆ ಹಳೆಯ ಒಲಿಂಪಿಯಾದಲ್ಲಿ ಮದುವೆಯಾದ ಹೆಣ್ಣು ಕೂಟ ನೋಡೋದಕ್ಕೂ ಬರುವಂತಿರಲಿಲ್ಲ. ಮಹಿಳೆಯರ ಮೊದಲ ಮಹಾರಾಷ್ಟ್ರ ಕೇಸರಿ ಸ್ಪರ್ಧೆ 2023ರಲ್ಲಿ ಇಲ್ಲೇ ಸಾಂಗ್ಲಿಯಲ್ಲಿ ನಡೆದು, ಸಾಂಗ್ಲಿಯ ಪ್ರತೀಕ್ಷಾ ಬಾಗಡಿ ಗೆದ್ದರು. ‘ಅಂದಿನ ಪವಿತ್ರ ಕಾಲ’ಕ್ಕೆ ಮರಳೋಣ ಅನ್ನೋರು ಈ ಹುಡುಗಿಯರನ್ನು ಎಲ್ಲಿ ನಿಲ್ಲಿಸ್ತಾರೆ ಅಂತ ಹೇಳಬೇಕು.

ಒಂದು ಕ್ರೀಡಾಕೂಟದ ಬೆಲೆ ಕಟ್ಟುವಾಗ ಅದು ಗೆದ್ದವನಿಗೆ ಏನು ತೊಡಿಸಿತು ಅನ್ನೋದಕ್ಕಿಂತ, ಸೋತವನು ಯಾವ ದಾರಿಯಲ್ಲಿ ಮನೆಗೆ ಹೋದ ಅನ್ನೋದನ್ನು ಕೇಳೋಣ. ನನ್ನ ಮಾತು ಇಲ್ಲಿಗೆ ಮುಗಿಸ್ತೇನೆ.