‘ಈ ಮಗು ಯಾರದು?’: ಜಪಾನಿನ ಅಪರಾಧ ಚಿತ್ರಗಳಲ್ಲಿ ಕುಟುಂಬದ ಒಡಕು

೧

ಜಪಾನಿನ ಅಪರಾಧ ಚಿತ್ರಗಳನ್ನು ಕುರಿತು ವಿದ್ಯಾವಂತರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಕೊಲೆ, ಅಪಹರಣ, ಶಿಶುಹತ್ಯೆಗಳನ್ನು ತೋರಿಸಿ ಪ್ರೇಕ್ಷಕನ ಮೈ ನವಿರೇಳಿಸುವುದೇ ಅವುಗಳ ಉದ್ದೇಶವೆಂದು ಹೇಳಿ ಕೆಲವರು ಅವನ್ನು ದೂರವಿಡುತ್ತಾರೆ. ಯುದ್ಧಾನಂತರದ ಜಪಾನಿನಲ್ಲಿ ಕುಟುಂಬವ್ಯವಸ್ಥೆ ಕುಸಿದುದಕ್ಕೆ ಇವು ಸಾಕ್ಷಿಯೆಂದು ಬಗೆದು ಮತ್ತೆ ಕೆಲವರು ಕಲಾಕೃತಿಯನ್ನು ಸಮಾಜಶಾಸ್ತ್ರದ ವರದಿಯಂತೆ ಓದುತ್ತಾರೆ. ಮೊದಲನೆಯವರು ಚಿತ್ರವನ್ನು ನೋಡುವುದಿಲ್ಲ. ಎರಡನೆಯವರು ನೋಡಿಯೂ ಅದರ ಕಥನಕ್ರಮವನ್ನು ಗಮನಿಸುವುದಿಲ್ಲ. ಈ ಎರಡು ನಿಲವುಗಳಲ್ಲಿ ಯಾವುದೂ ವಿಮರ್ಶೆಗೆ ಸಾಲದೆಂದು ನಾವು ಭಾವಿಸುತ್ತೇವೆ.

ಪತ್ತೇದಾರಿ ಕಥೆಯ ಸಾಮಾನ್ಯ ಪ್ರಶ್ನೆ ‘ಕೊಂದವರು ಯಾರು?’ ಎಂಬುದು. ನಾವು ಇಲ್ಲಿ ಪರಿಶೀಲಿಸುವ ನಾಲ್ಕು ಚಿತ್ರಗಳಲ್ಲಿ ಈ ಪ್ರಶ್ನೆಗೆ ಮುಖ್ಯ ಸ್ಥಾನವಿಲ್ಲ. ಕೆಲವುದರಲ್ಲಿ ಅಪರಾಧಿ ಮೊದಲೇ ಗೊತ್ತು; ಉಳಿದವುಗಳಲ್ಲಿ ಅವನು ಗೊತ್ತಾದ ಮೇಲೆಯೇ ನಿಜವಾದ ಕಥೆ ಆರಂಭವಾಗುತ್ತದೆ. ಇವುಗಳ ಅಂತರಂಗದಲ್ಲಿರುವ ಪ್ರಶ್ನೆ ಬೇರೆ: ‘ಈ ಮಗು ಯಾರದು? ಇದನ್ನು ತನ್ನದೆಂದು ಹೇಳುವವರು ಯಾರು?’ ಹಿಂಸೆ ಈ ಪ್ರಶ್ನೆಯನ್ನು ಎತ್ತುವ ಸಾಧನ. ಆ ಸಾಧನವು ಪ್ರಶ್ನೆಗೆ ಎಷ್ಟರಮಟ್ಟಿಗೆ ಅಧೀನವಾಗಿದೆ ಎಂಬುದೇ ಚಿತ್ರದ ಬೆಲೆಯನ್ನು ಅಳೆಯುವ ಮಾನದಂಡವಾಗಬೇಕೆಂಬುದು ಪ್ರಕೃತ ಲೇಖನದ ವಾದ.

ಈ ಪ್ರಶ್ನೆ ಜಪಾನಿನಲ್ಲಿ ತೀವ್ರವಾಗುವುದಕ್ಕೆ ಚಾರಿತ್ರಿಕ ಕಾರಣವುಂಟು. ೧೮೯೮ರ ನಾಗರಿಕ ಸಂಹಿತೆ ‘ಇಯೆ’ ಎಂಬ ಮನೆತನದ ವ್ಯವಸ್ಥೆಗೆ ಕಾನೂನಿನ ಬಲ ಕೊಟ್ಟಿತು. ಮನೆಯ ಯಜಮಾನನಿಗೆ ಮದುವೆ, ವಾಸಸ್ಥಳ ಮೊದಲಾದವುಗಳ ಮೇಲೆ ಅಧಿಕಾರವಿತ್ತು. ಆ ಅಧಿಕಾರದೊಂದಿಗೆ ಮನೆಯವರನ್ನು ಸಾಕುವ ಹೊಣೆಯೂ ಇತ್ತು. ಯುದ್ಧದಲ್ಲಿ ಸೋತ ಮೇಲೆ ೧೯೪೭ರಲ್ಲಿ ಸಂಹಿತೆಯನ್ನು ತಿದ್ದಿ ಈ ವ್ಯವಸ್ಥೆಯನ್ನು ತೆಗೆದುಹಾಕಲಾಯಿತು. ವ್ಯಕ್ತಿಗೆ, ಅದರಲ್ಲಿಯೂ ಸ್ತ್ರೀಗೆ, ಇದರಿಂದ ಬಿಡುಗಡೆ ದೊರೆಯಿತೆಂಬುದು ನಿರ್ವಿವಾದ. ಆದರೆ ಮನೆತನ ಹೊತ್ತಿದ್ದ ಹೊಣೆಯನ್ನು ಇನ್ನು ಮುಂದೆ ಹೊರುವವರು ಯಾರೆಂಬುದನ್ನು ಕಾನೂನಿನ ತಿದ್ದುಪಡಿಯೊಂದೇ ತೀರ್ಮಾನಿಸಲಾರದು. ಯಾಸುಜಿರೊ ಓಜು ೧೯೫೩ರಲ್ಲಿ ತೆಗೆದ ‘ತೋಕಿಯೊ ಕಥೆ’ಯಲ್ಲಿ ವೃದ್ಧ ತಂದೆತಾಯಿಗಳನ್ನು ಹೊಟ್ಟೆಯಲ್ಲಿ ಹುಟ್ಟಿದವರಿಗಿಂತ ಸತ್ತ ಮಗನ ಹೆಂಡತಿ ಹೆಚ್ಚು ಆದರದಿಂದ ಕಾಣುತ್ತಾಳೆ. ಓಜು ಮೆಲುದನಿಯಲ್ಲಿ ಕೇಳಿದ ಪ್ರಶ್ನೆಯನ್ನೇ ಅಪರಾಧ ಚಿತ್ರಗಳು ಗಟ್ಟಿಯಾಗಿ ಕೇಳಿದವು.

೨

ಅಕಿರ ಕುರೊಸಾವನ ‘ಸ್ವರ್ಗ ಮತ್ತು ನರಕ’ ೧೯೬೩ರಲ್ಲಿ ಬಂದಿತು. ಅದರ ಮೂಲ ಎಡ್ ಮೆಕ್‌ಬೇನ್ ಎಂಬ ಅಮೆರಿಕದ ಲೇಖಕನ ಕಾದಂಬರಿ. ಯೊಕೊಹಾಮದ ಗುಡ್ಡದ ಮೇಲಿನ ದೊಡ್ಡ ಮನೆಯಲ್ಲಿ ಪಾದರಕ್ಷೆ ಕಂಪನಿಯ ನಿರ್ದೇಶಕ ಗೊಂಡೊ ವಾಸಿಸುತ್ತಾನೆ. ಕಂಪನಿಯನ್ನು ತನ್ನ ವಶಕ್ಕೆ ತಂದುಕೊಳ್ಳಲು ಅವನು ಇದ್ದುದೆಲ್ಲವನ್ನೂ ಅಡವಿಟ್ಟು ಹಣ ಕೂಡಿಸಿದ್ದಾನೆ. ಆಗ ಮಗನನ್ನು ಅಪಹರಿಸಿರುವುದಾಗಿ ದೂರವಾಣಿಯಲ್ಲಿ ಸುದ್ದಿ ಬರುತ್ತದೆ. ಅಪಹರಣಕಾರ ಕೇಳುವುದು ಮೂರು ಕೋಟಿ ಯೆನ್. ಗೊಂಡೊ ಒಡನೆಯೇ ಒಪ್ಪುತ್ತಾನೆ. ಅಷ್ಟರಲ್ಲಿ ಮಗ ಮನೆಯೊಳಗಿಂದಲೇ ಬರುತ್ತಾನೆ. ಆಟದಲ್ಲಿ ಉಡುಪು ಬದಲಾಯಿಸಿಕೊಂಡ ಕಾರಣ ಅಪಹೃತನಾದವನು ಕಾರಿನ ಚಾಲಕನ ಮಗ. ತಪ್ಪು ತಿಳಿದ ಮೇಲೂ ಅಪಹರಣಕಾರನು ಹಣವನ್ನು ಗೊಂಡೊನಿಂದಲೇ ಕೇಳುತ್ತಾನೆ.

ಚಿತ್ರದ ಮೊದಲ ಭಾಗವೆಲ್ಲ ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಅಲ್ಲಿ ರಕ್ತವಿಲ್ಲ, ಓಟವಿಲ್ಲ. ತನ್ನದಲ್ಲದ ಮಗುವಿಗಾಗಿ ತನ್ನ ಸರ್ವಸ್ವವನ್ನೂ ಕೊಡಬೇಕೇ ಎಂಬ ಒಂದೇ ಸಂಕಟವಿದೆ. ಒಲ್ಲೆನೆಂದ ಗೊಂಡೊ ಕೊನೆಗೆ ಕೊಡಲೊಪ್ಪುತ್ತಾನೆ. ಹಣದ ಚೀಲದೊಳಗೆ ಗುರುತಿನ ಪುಡಿಯನ್ನು ಅಡಗಿಸಬೇಕಾದಾಗ, ಚರ್ಮದ ಕೆಲಸದಿಂದಲೇ ಮೇಲೆ ಬಂದ ಅವನು ತನ್ನ ಹಳೆಯ ಉಪಕರಣಗಳನ್ನು ತೆಗೆದು ನೆಲದ ಮೇಲೆ ಕುಳಿತು ತಾನೇ ಹೊಲಿಯುತ್ತಾನೆ. ಪರರ ಮಗುವನ್ನು ತನ್ನದೆಂದುಕೊಂಡವನು ಯಜಮಾನಿಕೆಯಿಂದ ಇಳಿದು ಮತ್ತೆ ಕುಶಲಕರ್ಮಿಯಾದುದನ್ನು ಕುರೊಸಾವ ಒಂದು ಮಾತೂ ಇಲ್ಲದೆ ತಿಳಿಸಿದ್ದಾನೆ. ಈ ಒಂದು ಸನ್ನಿವೇಶದಲ್ಲಿ ಚಿತ್ರದ ಧರ್ಮವೆಲ್ಲ ಅಡಗಿದೆ.

ಆದರೆ ಚಿತ್ರದ ಉತ್ತರಾರ್ಧ ಇಷ್ಟು ನಿರ್ಮಲವಲ್ಲ. ಅಪಹರಣವೊಂದಕ್ಕೇ ಆದರೆ ಹದಿನೈದು ವರ್ಷಗಳ ಶಿಕ್ಷೆಯಷ್ಟೇ ಆಗುವುದೆಂದು ಪೊಲೀಸರು ಅಪರಾಧಿಯನ್ನು ಕೊಲೆಯ ಆಪಾದನೆಯಲ್ಲಿ ಹಿಡಿಯಲು ಸಂಚು ಹೂಡುತ್ತಾರೆ. ಅವರು ಬೆನ್ನುಹತ್ತಿರುವಾಗಲೇ ಆ ಯುವ ವೈದ್ಯನು ಮಾದಕ ದ್ರವ್ಯದ ಪ್ರಮಾಣವನ್ನು ಪರೀಕ್ಷಿಸುವುದಕ್ಕಾಗಿ ವ್ಯಸನಕ್ಕೆ ಬಿದ್ದ ಹೆಂಗಸೊಬ್ಬಳನ್ನು ಕೊಲ್ಲುತ್ತಾನೆ. ಪೊಲೀಸರ ತಂತ್ರ ಫಲಿಸುತ್ತದೆ; ಆ ಹೆಂಗಸಿನ ಹೆಸರನ್ನು ಯಾರೂ ಕೇಳುವುದಿಲ್ಲ. ಚಾಲಕನ ಮಗ ಯಾರದೆಂದು ಅಷ್ಟು ಆಳವಾಗಿ ಕೇಳಿದ ಚಿತ್ರ, ಈಕೆ ಯಾರ ಮಗಳೆಂದು ಕೇಳದೆ ಮುಂದೆ ಸಾಗುತ್ತದೆ. ಇದು ನಿರ್ದೇಶಕನ ಮರೆವೋ, ಸಮಾಜದ ಮರೆವನ್ನು ಕುರಿತ ಅವನ ಟೀಕೆಯೋ ಹೇಳುವುದು ಕಷ್ಟ. ಹೇಗೂ ಇರಲಿ, ಗುಡ್ಡದ ಮೇಲಿನವರ ಕರುಣೆ ಗುಡ್ಡದ ಬುಡದವರೆಗೆ ಇಳಿಯಲಿಲ್ಲವೆಂಬ ಕಹಿ ನಮ್ಮಲ್ಲಿ ಉಳಿಯುತ್ತದೆ. ಕೊನೆಯಲ್ಲಿ ಸೆರೆಮನೆಯ ಗಾಜಿನ ಇಬ್ಬದಿಯಲ್ಲಿ ಕುಳಿತ ಗೊಂಡೊನ ಮುಖವೂ ಕೊಲೆಗಾರನ ಮುಖವೂ ಒಂದರ ಮೇಲೊಂದು ಪ್ರತಿಬಿಂಬಿಸುವುದನ್ನು ಈ ಕಹಿಯೊಂದಿಗೇ ನೋಡಬೇಕು.

೩

ಯೊಷಿತಾರೊ ನೊಮುರ ನಿರ್ದೇಶಿಸಿದ ಎರಡು ಚಿತ್ರಗಳನ್ನು ಜೊತೆಯಲ್ಲಿಟ್ಟು ನೋಡುವುದು ಅವಶ್ಯಕ. ಎರಡಕ್ಕೂ ಸೈಚೊ ಮತ್ಸುಮೊತೊವಿನ ಬರಹಗಳೇ ಆಧಾರ. ಅಪರಾಧದ ಕಾರಣವನ್ನು ಬುದ್ಧಿಯ ಒಗಟಿನಲ್ಲಿ ಹುಡುಕದೆ ಸಮಾಜದ ಗಾಯದಲ್ಲಿ ಹುಡುಕಿದ ಲೇಖಕ ಈತ.

೧೯೭೪ರ ‘ಮರಳಿನ ಪಾತ್ರೆ’ಯಲ್ಲಿ ನಿವೃತ್ತ ಪೊಲೀಸನೊಬ್ಬನ ಕೊಲೆಯಾಗುತ್ತದೆ. ಕೊಂದವನು ಪ್ರಸಿದ್ಧಿಗೆ ಬರುತ್ತಿರುವ ಸಂಗೀತಗಾರ. ಬಾಲ್ಯದಲ್ಲಿ ಅವನು ಕುಷ್ಠರೋಗಿಯಾದ ತಂದೆಯೊಂದಿಗೆ ಊರು ಬಿಟ್ಟು ಯಾತ್ರಿಕನಂತೆ ಅಲೆದವನು. ರೋಗಿಗಳನ್ನು ಬಲವಂತವಾಗಿ ಬೇರ್ಪಡಿಸುವ ಕಾನೂನು ಜಪಾನಿನಲ್ಲಿ ೧೯೯೬ರವರೆಗೂ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ತಂದೆಯನ್ನು ಆಶ್ರಮಕ್ಕೆ ಸೇರಿಸಿ ಹುಡುಗನನ್ನು ಸಾಕಲು ಮುಂದಾದವನು ಅದೇ ಪೊಲೀಸ. ಹುಡುಗ ಓಡಿಹೋಗುತ್ತಾನೆ, ವೈಮಾನಿಕ ದಾಳಿಯಲ್ಲಿ ಸುಟ್ಟುಹೋದ ಕುಟುಂಬ ದಾಖಲೆಯ ನೆಪದಲ್ಲಿ ಬೇರೆಯವರ ಮಗನೆಂದು ಹೊಸ ಹೆಸರು ಪಡೆಯುತ್ತಾನೆ. ವರ್ಷಗಳ ಮೇಲೆ ಆ ಉಪಕಾರಿಯೇ ಬಂದು ‘ತಂದೆಯನ್ನು ನೋಡು’ ಎಂದು ಒತ್ತಾಯಿಸಿದಾಗ ಅವನನ್ನು ಕೊಲ್ಲುತ್ತಾನೆ. ಮೂಲ ಕಾದಂಬರಿಯಲ್ಲಿ ತಂದೆ ಆ ವೇಳೆಗೆ ಸತ್ತಿದ್ದಾನೆ, ಚಿತ್ರದಲ್ಲಿ ಬದುಕಿದ್ದಾನೆ. ಈ ಮಾರ್ಪಾಟಿನಲ್ಲಿಯೇ ಚಿತ್ರದ ಜೀವವಿದೆ. ಪತ್ತೇದಾರನು ಮಗನ ಭಾವಚಿತ್ರವನ್ನು ತೋರಿಸಿದಾಗ ಮುದುಕನು ಬಿಕ್ಕಿಬಿಕ್ಕಿ ಅಳುತ್ತ, ಇಂಥವನನ್ನು ತಾನು ಅರಿಯೆನೆಂದು ಕೂಗುತ್ತಾನೆ. ಮಗನನ್ನು ಉಳಿಸಲು ತಂದೆ ಮಗನನ್ನೇ ಇಲ್ಲವೆನ್ನುತ್ತಾನೆ. ನಿರಾಕರಣೆ ಇಲ್ಲಿ ವಾತ್ಸಲ್ಯದ ಪರಮಾವಧಿ.

ನಾಲ್ಕು ವರ್ಷಗಳ ಬಳಿಕ, ೧೯೭೮ರಲ್ಲಿ, ನೊಮುರ ‘ಕಿಚಿಕು’ ಎಂಬ ಚಿತ್ರ ತೆಗೆದನು. ಈ ಶಬ್ದಕ್ಕೆ ರಾಕ್ಷಸ, ಕ್ರೂರಮೃಗ ಎಂಬ ಅರ್ಥಗಳುಂಟು. ಸೋಕಿಚಿ ಸಣ್ಣ ಮುದ್ರಣಾಲಯವೊಂದರ ಒಡೆಯ. ವ್ಯಾಪಾರ ಕೆಟ್ಟು ಹಣ ನಿಂತಾಗ ಅವನ ಉಪಪತ್ನಿ ಮೂವರು ಮಕ್ಕಳನ್ನು ತಂದು ಅವನ ಮನೆಯಲ್ಲಿ ಬಿಟ್ಟು ಮಾಯವಾಗುತ್ತಾಳೆ. ಹೆಂಡತಿಗೆ ಅವು ತನ್ನ ಅವಮಾನದ ಗುರುತುಗಳು. ಕೈಗೂಸು ಸಾಯುತ್ತದೆ. ಮನೆಯ ವಿಳಾಸ ಹೇಳಲು ಬಾರದ ಹುಡುಗಿಯನ್ನು ತಂದೆಯು ತೋಕಿಯೊ ಗೋಪುರದ ಜನಜಂಗುಳಿಯಲ್ಲಿ ಬಿಟ್ಟುಬರುತ್ತಾನೆ. ಹಿರಿಯ ಹುಡುಗನಿಗೆ ತಂದೆಯ ಹೆಸರೂ ವಿಳಾಸವೂ ಗೊತ್ತು; ಆದಕಾರಣ ಅವನನ್ನು ಬಿಟ್ಟುಬಂದರೆ ಸಾಲದು. ನೊತೊ ಪರ್ಯಾಯದ್ವೀಪದ ಕಡಲಂಚಿನಲ್ಲಿ ಸೋಕಿಚಿ ತನ್ನ ಅನಾಥ ಬಾಲ್ಯದ ಕಥೆಯನ್ನು ಮಗನಿಗೆ ಹೇಳಿ, ಅವನು ನಿದ್ದೆಹೋದ ಮೇಲೆ ಬಂಡೆಯ ಮೇಲಿನಿಂದ ಕೆಳಕ್ಕೆ ಹಾಕುತ್ತಾನೆ.

ಈ ಕ್ರೌರ್ಯದ ತರ್ಕವನ್ನು ನಾವು ಗಮನಿಸಬೇಕು. ತನ್ನನ್ನು ‘ಅಪ್ಪ’ ಎಂದು ಗುರುತಿಸಬಲ್ಲ ಮಗುವೇ ತಂದೆಗೆ ಅಪಾಯಕರವಾಗಿದೆ. ಸಂಬಂಧದ ಅರಿವೇ ಮಗುವಿಗೆ ಮರಣಕಾರಣ. ಸೋಕಿಚಿಯ ಪಾತ್ರದಲ್ಲಿ ಕೆನ್ ಒಗಾತ ರಾಕ್ಷಸನನ್ನು ತೋರಿಸದೆ ಹೇಡಿಯನ್ನು ತೋರಿಸಿದ್ದಾನೆ. ಮಗುವಿಗೆ ಅಕ್ಕರೆಯಿಂದ ತಿನಿಸು ಕೊಡಿಸುವ ಕೈಯೂ ತಳ್ಳುವ ಕೈಯೂ ಒಂದೇ. ಮನೆ ಮುರಿಯಲು ರಾಕ್ಷಸರು ಬೇಕಾಗಿಲ್ಲ, ಬೇಡವೆನ್ನಲಾರದ ದುರ್ಬಲನೊಬ್ಬನು ಸಾಕು.

ಹುಡುಗ ಬದುಕಿಕೊಳ್ಳುತ್ತಾನೆ. ಪೊಲೀಸರು ಏನು ಕೇಳಿದರೂ ಬಾಯಿ ಬಿಡುವುದಿಲ್ಲ. ಅವನ ಬಳಿ ಸಿಕ್ಕ ಕಲ್ಲಚ್ಚಿನ ಚೂರೊಂದರ ಜಾಡು ಹಿಡಿದು ಅವರು ತಂದೆಯನ್ನು ಕರೆತರುತ್ತಾರೆ. ಈತ ನಿನ್ನ ತಂದೆಯಲ್ಲವೇ ಎಂದು ಕೇಳಿದಾಗ ಹುಡುಗ ಕಣ್ಣೀರಿಡುತ್ತ ಅಲ್ಲವೆನ್ನುತ್ತಾನೆ. ಈತ ಯಾರೋ ಪರಿಚಯವಿಲ್ಲದವನೆನ್ನುತ್ತಾನೆ. ತಂದೆ ಅವನ ಕಾಲ ಬಳಿ ಕುಸಿದು ಕ್ಷಮೆ ಬೇಡುತ್ತಾನೆ.

ಈ ಒಂದು ಮಾತಿಗೆ ಎರಡು ಅರ್ಥಗಳು ಸಾಧ್ಯ. ತಂದೆಯನ್ನು ಶಿಕ್ಷೆಯಿಂದ ಪಾರುಮಾಡಲು ಮಗು ಸುಳ್ಳು ಹೇಳಿತೆನ್ನಬಹುದು. ತಂದೆಯೆಂಬ ಪದವಿಯನ್ನೇ ಅವನಿಂದ ಕಿತ್ತುಕೊಂಡಿತೆಂದೂ ಹೇಳಬಹುದು. ‘ಮರಳಿನ ಪಾತ್ರೆ’ಯನ್ನು ನೆನೆದರೆ ಮೊದಲನೆಯ ಅರ್ಥ ಬಲಗೊಳ್ಳುತ್ತದೆ: ಅಲ್ಲಿ ತಂದೆ ಮಾಡಿದುದನ್ನು ಇಲ್ಲಿ ಮಗ ಮಾಡುತ್ತಾನೆ. ಬಂಡೆಯಂಚಿನ ರಾತ್ರಿಯನ್ನು ನೆನೆದರೆ ಎರಡನೆಯದೇ ನಿಜವೆನ್ನಿಸುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಸರಿಯಲ್ಲವೆಂಬುದು ನಮ್ಮ ಮತ. ಕ್ಷಮೆಯೂ ತೀರ್ಪೂ ಒಂದೇ ವಾಕ್ಯದಲ್ಲಿ ಸೇರಿರುವುದರಿಂದಲೇ ಆ ವಾಕ್ಯವನ್ನು ತಂದೆ ತಾಳಲಾರದೆ ಹೋಗುತ್ತಾನೆ. ಇಡೀ ಚಿತ್ರದಲ್ಲಿ ಅತ್ಯಂತ ಕಠೋರವಾದ ಪೆಟ್ಟು ಇದೇ. ಇದರಲ್ಲಿ ಒಂದು ಹನಿ ರಕ್ತವಿಲ್ಲ.

೪

ತೆತ್ಸುಯ ನಕಾಷಿಮನ ‘ನಿವೇದನೆ’ ೨೦೧೦ರ ಕೃತಿ. ಕನಾಯೆ ಮಿನಾತೊ ೨೦೦೮ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಆಧಾರ. ಅಧ್ಯಾಪಕರಾದವರಿಗೆ ಈ ಚಿತ್ರದ ಆರಂಭವನ್ನು ಮರೆಯುವುದು ಕಷ್ಟ. ಮಾಧ್ಯಮಿಕ ಶಾಲೆಯ ಅಧ್ಯಾಪಕಿ ಮೊರಿಗುಚಿ ಗದ್ದಲದ ತರಗತಿಯಲ್ಲಿ ಶಾಂತವಾಗಿ ಮಾತನಾಡುತ್ತಾಳೆ: ತನ್ನ ನಾಲ್ಕು ವರ್ಷದ ಮಗಳನ್ನು ಕೊಂದವರು ಇದೇ ತರಗತಿಯ ಇಬ್ಬರು, ಅವರ ಹಾಲಿನಲ್ಲಿ ತಾನು ಏಡ್ಸ್ ರೋಗಿಯ ರಕ್ತ ಬೆರೆಸಿದ್ದೇನೆ. ಹದಿನಾಲ್ಕು ತುಂಬದವರಿಗೆ ಜಪಾನಿನ ದಂಡಸಂಹಿತೆ ಶಿಕ್ಷೆ ವಿಧಿಸುವುದಿಲ್ಲ. ೧೯೯೭ರಲ್ಲಿ ಕೋಬೆ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನು ಮಾಡಿದ ಕೊಲೆಗಳ ತರುವಾಯ, ೨೦೦೦ದಲ್ಲಿ ಬಾಲಾಪರಾಧ ಕಾನೂನನ್ನು ತಿದ್ದಿ, ಕ್ರಿಮಿನಲ್ ವಿಚಾರಣೆಗೆ ಒಪ್ಪಿಸಬಹುದಾದ ವಯಸ್ಸನ್ನು ಹದಿನಾರರಿಂದ ಹದಿನಾಲ್ಕಕ್ಕೆ ಇಳಿಸಲಾಗಿತ್ತು. ಈ ಹುಡುಗರಿಗೆ ಹದಿಮೂರು. ಕಾನೂನು ಮುಟ್ಟಲಾರದವರನ್ನು ತಾನೇ ದಂಡಿಸಲು ಆಕೆ ಹೊರಟಿದ್ದಾಳೆ.

ಇಲ್ಲಿಯೂ ಪ್ರಶ್ನೆ ಮಗುವಿನದೇ. ಒಬ್ಬ ಹುಡುಗನನ್ನು ತಾಯಿ ತನ್ನ ವಿದ್ಯೆಗಾಗಿ ತೊರೆದುಹೋಗಿದ್ದಾಳೆ. ಅವಳ ಕಣ್ಣಿಗೆ ಬೀಳುವುದಕ್ಕಾಗಿ ಅವನು ಅಪರಾಧ ಮಾಡುತ್ತಾನೆ. ಮತ್ತೊಬ್ಬನ ತಾಯಿ ಮಗ ತಪ್ಪು ಮಾಡಲಾರನೆಂದೇ ನಂಬಿ, ಸತ್ಯ ತಿಳಿದಾಗ ಅವನೊಡನೆ ತಾನೂ ಸಾಯಲು ಹೊರಟು ಅವನ ಕೈಯಲ್ಲೇ ಸಾಯುತ್ತಾಳೆ. ಒಬ್ಬಳು ಮಗನನ್ನು ತನ್ನವನಲ್ಲವೆಂದಳು. ಇನ್ನೊಬ್ಬಳು ತನ್ನವನು ಮಾತ್ರವೆಂದಳು. ಇವೆರಡೂ ಮಗುವನ್ನು ಕಾಣದಿರುವ ಬಗೆಗಳೇ. ಅಧ್ಯಾಪಕಿಯೂ ತನ್ನ ವಿದ್ಯಾರ್ಥಿಗಳನ್ನು ಹೆಸರಿನಿಂದ ಕರೆಯದೆ ‘ಎ’, ‘ಬಿ’ ಎನ್ನುತ್ತಾಳೆ. ಕಳೆದುಕೊಂಡ ಮಗುವಿನ ದುಃಖ ಇತರ ಮಕ್ಕಳನ್ನು ಅಕ್ಷರಗಳನ್ನಾಗಿ ಮಾಡಿಬಿಟ್ಟಿದೆ.

ಇಷ್ಟು ಗಹನವಾದ ವಸ್ತುವನ್ನು ಹಿಡಿದೂ ಚಿತ್ರ ನೊಮುರನ ಎತ್ತರಕ್ಕೆ ಏರಲಿಲ್ಲ. ಕಾರಣ ಅದರ ರೀತಿಯಲ್ಲಿದೆ. ನಿಧಾನಗತಿಯಲ್ಲಿ ಚಿಮ್ಮುವ ನೀರು, ರಕ್ತ, ಮೋಡ, ಇವುಗಳಿಗೆ ಹೊಂದಿಸಿದ ಸಂಗೀತ, ಎಲ್ಲವೂ ಕಣ್ಣಿಗೆ ಹಬ್ಬ. ಕೊಲೆಯನ್ನು ಇಷ್ಟು ಸುಂದರವಾಗಿ ನೋಡುತ್ತಿರುವಾಗ ಸತ್ತವರ ನೆನಪು ನಮ್ಮಿಂದ ಜಾರುತ್ತದೆ. ಕೊನೆಯಲ್ಲಿ ಅಧ್ಯಾಪಕಿ ಹುಡುಗನ ಬಾಂಬನ್ನು ಅವನ ತಾಯಿಯ ಬಳಿಗೆ ಸಾಗಿಸಿದ್ದೇನೆಂದು ಹೇಳಿದಾಗ ಪ್ರೇಕ್ಷಕನಿಗೆ ಮುಯ್ಯಿ ತೀರಿದ ತೃಪ್ತಿ ಉಂಟಾಗುವ ಅಪಾಯವಿದೆ. ಆ ತೃಪ್ತಿಯನ್ನು ಚಿತ್ರ ಪ್ರಶ್ನಿಸುತ್ತದೆಯೇ, ಉಣಬಡಿಸುತ್ತದೆಯೇ ಎಂಬುದು ಸ್ಪಷ್ಟವಾಗುವುದಿಲ್ಲ. ‘ಕಿಚಿಕು’ವಿನ ಸಂದಿಗ್ಧತೆ ಅರ್ಥವನ್ನು ಹೆಚ್ಚಿಸಿತು, ಇಲ್ಲಿನದು ನಿರ್ಧಾರವನ್ನು ತಪ್ಪಿಸಿಕೊಳ್ಳುತ್ತದೆ.

೫

ರೌದ್ರದಿಂದ ಕರುಣವೂ ಬೀಭತ್ಸದಿಂದ ಭಯಾನಕವೂ ಹುಟ್ಟುತ್ತವೆಂದು ಭರತನು ಹೇಳಿದ್ದಾನೆ. ಅನ್ಯದೇಶದ ಆಧುನಿಕ ಕಲೆಗೆ ಈ ಸೂತ್ರವನ್ನು ಯಾಂತ್ರಿಕವಾಗಿ ಹಚ್ಚುವುದು ನಮ್ಮ ಉದ್ದೇಶವಲ್ಲ. ಆದರೂ ಈ ಜಾತಿಯ ಚಿತ್ರಗಳಲ್ಲಿ ಉತ್ತಮ ಮಧ್ಯಮಗಳ ವಿವೇಚನೆಗೆ ಅದು ನೆರವಾಗುತ್ತದೆ. ಕೆಲವು ಚಿತ್ರಗಳಲ್ಲಿ ಹಿಂಸೆ ಜುಗುಪ್ಸೆಯಾಗಿ ಹುಟ್ಟಿ ಭಯವಾಗಿ ಮುಗಿಯುತ್ತದೆ. ಚಿತ್ರಮಂದಿರದ ಬಾಗಿಲು ದಾಟಿದೊಡನೆ ಆ ಭಯವೂ ಕರಗುತ್ತದೆ. ಮತ್ತೆ ಕೆಲವುದರಲ್ಲಿ ಹಿಂಸೆಯ ಹಿಂದಿನಿಂದ ಒಂದು ಮುಖ ಕಾಣಿಸಿಕೊಳ್ಳುತ್ತದೆ, ಅದಕ್ಕಾಗಿ ನಾವು ಮರುಗುತ್ತೇವೆ, ಆ ಮರುಕದಲ್ಲಿ ನಮ್ಮ ಹೊಣೆಯನ್ನೂ ಕಾಣುತ್ತೇವೆ. ನೊಮುರನ ಎರಡೂ ಚಿತ್ರಗಳು ಈ ಎರಡನೆಯ ವರ್ಗಕ್ಕೆ ಸೇರಿದವು. ಕುರೊಸಾವನದು ಪೂರ್ವಾರ್ಧದಲ್ಲಿ ನಿಸ್ಸಂದೇಹವಾಗಿ ಸೇರುತ್ತದೆ. ನಕಾಷಿಮನದು ಹೊಸ್ತಿಲಲ್ಲಿ ನಿಂತಿದೆ.

ನಮ್ಮ ವಿದ್ಯಾರ್ಥಿಗಳು ಇಂಥ ಚಿತ್ರಗಳನ್ನು ನೋಡುತ್ತಾರೆ. ನೋಡಬೇಡಿರೆಂದು ಹೇಳುವುದರಿಂದ ಪ್ರಯೋಜನವಿಲ್ಲ. ಚಿತ್ರದಲ್ಲಿ ಎಷ್ಟು ಕೊಲೆಗಳಿದ್ದುವೆಂದು ಎಣಿಸುವುದಕ್ಕಿಂತ, ಸತ್ತವರಲ್ಲಿ ಯಾರ ಹೆಸರು ನಿಮಗೆ ನೆನಪಿದೆ ಎಂದು ಅವರನ್ನು ಕೇಳುವುದು ಮೇಲು. ಹೆಸರುಗಳನ್ನು ನೆನಪಿನಲ್ಲಿ ನಿಲ್ಲಿಸಿದ ಚಿತ್ರ, ಎಷ್ಟೇ ಕತ್ತಲೆಯದಾಗಿದ್ದರೂ, ಕುಟುಂಬವನ್ನು ಒಡೆದು ತೋರಿಸಿದ್ದು ಅದರ ಬೆಲೆಯನ್ನು ತಿಳಿಸುವುದಕ್ಕಾಗಿಯೇ.